ಮೂವರಲ್ಲಿ ಉಳಿದವಳು

ವರ್ಷಕ್ಕೊಮ್ಮೆ ಗಂಟಲೊಳಗೆ ಕೊಳವೆ ಇಳಿಸಿಕೊಂಡು ಬರುವುದು ಟೈಲರಮ್ಮನಿಗೆ ರೂಢಿಯಾಗಿಹೋಗಿತ್ತು. ಇಷ್ಟವಿಲ್ಲದ ನೆಂಟರ ಮನೆಗೆ ಮರ್ಯಾದೆಗಾದರೂ ಹೋಗಿ ಬರುವವರ ಹಾಗೆ ಹೋಗುತ್ತಿದ್ದಳು. ಅಂಗಡಿಯ ಬಾಗಿಲಿಗೆ ‘ಮಧ್ಯಾಹ್ನದ ಮೇಲೆ’ ಎಂದು ಬರೆದ ರಟ್ಟು ತಗುಲಿಸಿ, ಏನೂ ತಿನ್ನದೆ ಬಸ್ಸು ಹತ್ತುವಳು. ಆಸ್ಪತ್ರೆಯಲ್ಲಿ ನರ್ಸು ಪ್ರತಿ ಸಲವೂ ಒಂದೇ ಮಾತು ಕೇಳುವಳು:

“ಜೊತೆಗೆ ಯಾರು ಬಂದಿದ್ದಾರೆ? ಮಂಪರು ಸೂಜಿ ಕೊಟ್ಮೇಲೆ ಒಬ್ಬರನ್ನೇ ಕಳಿಸೋಕಾಗಲ್ಲ.”

“ಹಾಗಾದ್ರೆ ಸೂಜಿ ಬೇಡ ಬಿಡಮ್ಮ. ಎಚ್ಚರವಾಗೇ ನುಂಗ್ತೀನಿ.”

ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅಲುಗಾಡದೆ ಮಲಗುವಳು. ಇದು ಅವಳ ಅಕ್ಕ ತೆಗೆದುಕೊಂಡ ಮಾತು, ತಪ್ಪುವ ಹಾಗಿರಲಿಲ್ಲ.

ಒಡಹುಟ್ಟಿದವರು ಮೂವರು. ಅಣ್ಣ ಲಾರಿ ಓಡಿಸುತ್ತಿದ್ದ, ಆನೆಯಂಥ ಆಳು. ಅಕ್ಕ ಟೆಲಿಫೋನ್ ಕಚೇರಿಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರಿನವರ ಕರೆಗಳನ್ನೆಲ್ಲ ಒಂದಕ್ಕೊಂದು ಜೋಡಿಸುತ್ತಿದ್ದಳು. ಕಿರಿಯವಳು ಇವಳು. ಇವಳ ಅಂಗಡಿಯಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ. ಹಳೆಯದನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಅಂಚು ಮಡಚುವುದು, ಜಿಪ್ಪು ಬದಲಿಸುವುದು.

ಅಣ್ಣನಿಗೆ ಹೊಟ್ಟೆಯುರಿ ಶುರುವಾದಾಗ ಇವಳಿನ್ನೂ ಹೊಲಿಗೆ ಕಲಿಯುತ್ತಿದ್ದಳು. ಲಾರಿಯವರ ಊಟ, ಹೊತ್ತಲ್ಲದ ಹೊತ್ತು, ಅದಕ್ಕೇ ಇರಬೇಕು ಎಂದುಕೊಂಡು ಅವನು ಸೀಟಿನ ಪಕ್ಕದಲ್ಲಿ ಉರಿ ತಗ್ಗಿಸುವ ಪುಡಿಯ ಡಬ್ಬಿ ಇಟ್ಟುಕೊಂಡ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅವನ ಪ್ಯಾಂಟಿನ ಸೊಂಟವನ್ನು ತಂಗಿ ಮತ್ತೆ ಮತ್ತೆ ಕಿರಿದು ಮಾಡಿಯಾಗಿತ್ತು. ಎದೆಯ ಕೆಳಗಿನಿಂದ ಹೊಕ್ಕುಳ ದಾಟುವವರೆಗೆ ಕೊಯ್ದರು. ಜಠರದ ಕ್ಯಾನ್ಸರ್; ತೆಗೆಯಬಹುದಾದಷ್ಟನ್ನು ತೆಗೆದರು. ಒಳಗೆ ಜೋಡಿಸಿದ ಕಡೆ ಸೋರಿತು, ಜ್ವರ ಏರಿತು, ಮತ್ತೆ ಕೊಯ್ದರು. ಅಣ್ಣ ಆ ಮಂಚದಿಂದ ಏಳಲೇ ಇಲ್ಲ. ಹೊರಗಿನ ಬೆಂಚಿನ ಮೇಲೆ ಕೂತಿದ್ದ ಅತ್ತಿಗೆ, ಮದುವೆಯಾಗಿ ಇನ್ನೂ ಹೆಚ್ಚು ದಿನವಾಗಿರದ ಹುಡುಗಿ, ಬಾಯಿಗೆ ಸೆರಗು ಒತ್ತಿಕೊಂಡು ಸದ್ದಿಲ್ಲದೆ ಅತ್ತಳು.

ಹತ್ತು ಹದಿನೈದು ವರ್ಷ ಕಳೆದ ಮೇಲೆ ಅಕ್ಕನ ಸರದಿ. ಅಷ್ಟರಲ್ಲಿ ಆಸ್ಪತ್ರೆಯೇ ಬೇರೆಯಾಗಿತ್ತು. ಜಠರದ ಹೆಚ್ಚಿನ ಭಾಗವನ್ನೂ ಸುತ್ತಲಿನ ಗಂಟುಗಳನ್ನೂ ಜೋಪಾನವಾಗಿ ಬಿಡಿಸಿ ತೆಗೆದರು. ಒಳಗಿನ ಹೊಲಿಗೆ ಸೋರಲಿಲ್ಲ. ಅಕ್ಕ ತನ್ನ ಕಾಲ ಮೇಲೆ ನಡೆದು ಮನೆಗೆ ಬಂದಳು. ಆಮೇಲೆ ರಕ್ತನಾಳಕ್ಕೆ ಔಷಧಿ ಇಳಿಸಿದರು, ಕೂದಲು ಉದುರಿತು, ಮತ್ತೆ ಬಂತು. ಮೂರು ವರ್ಷ ಚೆನ್ನಾಗಿಯೇ ಇದ್ದಳು. ಸಂಜೆ ಇವಳ ಅಂಗಡಿಗೆ ಬಂದು ಗುಂಡಿ ಹಚ್ಚಿಕೊಡುತ್ತಾ, ಕಚೇರಿಯಲ್ಲಿ ಕದ್ದು ಕೇಳಿಸಿಕೊಂಡ ಪ್ರೇಮ ಪ್ರಕರಣಗಳನ್ನೆಲ್ಲ ಹೇಳುವಳು. ನಾಲ್ಕನೆಯ ವರ್ಷ ರೋಗ ಯಕೃತ್ತಿನಲ್ಲಿ ತಲೆಯೆತ್ತಿತು.

“ಅಣ್ಣನೂ ಆಸ್ಪತ್ರೆಗೆ ತಡವಾಗಿ ಹೋದ, ನಾನೂ ತಡವಾಗಿ ಹೋದೆ,” ಎಂದಳು ಅಕ್ಕ ಕೊನೆಗಾಲದಲ್ಲಿ. “ನೀನು ಏನೂ ಇಲ್ಲದಾಗಲೇ ಹೋಗು ಕಣೇ. ನಗ್ತಾರೆ, ನಗಲಿ.”

ಹಾಗೆ ಶುರುವಾದದ್ದು ಈ ಕೊಳವೆಯ ಯಾತ್ರೆ. ಒಂದು ವರ್ಷ ಡಾಕ್ಟರು ಪರದೆಯ ಮೇಲೆ ಒಂದೇ ಕಡೆ ಬಹಳ ಹೊತ್ತು ನೋಡಿದರು. ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಮುಂದಿನ ವಾರ ಸರ್ಜನ್ ಅವಳನ್ನು ಎದುರಿಗೆ ಕೂರಿಸಿಕೊಂಡರು. ಮಗಳ ವಯಸ್ಸಿನ ಹೆಂಗಸು, ಕಾಲಲ್ಲಿ ಓಟದ ಬೂಟು.

“ಸಿಕ್ಕಿದೆ ಅಮ್ಮ. ತುಂಬ ಚಿಕ್ಕದು. ಆದ್ರೆ ನಿಮ್ಮ ಮನೆತನದಲ್ಲಿ ಬಂದಿರೋ ರೀತಿ ನೋಡಿದ್ರೆ ಜಠರ ಪೂರ್ತಿ ತೆಗೆಯೋದೇ ಕ್ಷೇಮ.”

“ಹೊಟ್ಟೇನೇ ಇಲ್ದೆ ಮನುಷ್ಯ ಬದುಕ್ತಾನಾ?”

“ಬದುಕ್ತಾರೆ. ಸ್ವಲ್ಪ ಸ್ವಲ್ಪ ತಿನ್ಬೇಕು, ಹಲವು ಸಲ ತಿನ್ಬೇಕು. ಕೊನೇತನಕ ವಿಟಮಿನ್ ಸೂಜಿ ತಗೋಬೇಕು.”

“ಸರಿ. ಇನ್ಮೇಲೆ ಯಾರ ಮೇಲೂ ಹೊಟ್ಟೆಕಿಚ್ಚು ಪಡೋ ಹಾಗಿಲ್ಲ ಅನ್ನಿ.”

ಸರ್ಜನ್ ನಕ್ಕರು. ಟೈಲರಮ್ಮ ನಗಲಿಲ್ಲ. “ಎಷ್ಟು ದಿನ ಇರ್ತೀನಿ?” ಎಂದು ಕೇಳಿದಳು.

“ನೀವು ನಿಮ್ಮ ಅಣ್ಣನ್ನ ನೆನೆಸಿಕೊಂಡು ಕೇಳ್ತಿದ್ದೀರಿ. ಇಷ್ಟು ಬೇಗ ಸಿಕ್ಕವರಲ್ಲಿ ಹೆಚ್ಚಿನವರು ಮುಪ್ಪಾಗಿ, ಬೇರೆ ಯಾವುದೋ ಕಾಯಿಲೆಗೆ ಹೋಗ್ತಾರೆ.”

“ಆಗಿನ ಡಾಕ್ಟರಿಗೆ ಕೆಲಸ ಬರ್ತಿರಲಿಲ್ವಾ?”

“ಬರ್ತಿತ್ತು. ರೋಗ ಅವರ ಕೈಗೆ ಸಿಗ್ತಿದ್ದಿದ್ದೇ ಕೊನೇಗೆ. ಉಪಕರಣ, ಅರಿವಳಿಕೆ, ಆಮೇಲಿನ ಆರೈಕೆ, ಯಾವುದೂ ಈಗಿನ ಹಾಗಿರಲಿಲ್ಲ. ಆಗ ಸೋತವರಿಂದ್ಲೇ ನಾವು ಕಲಿತಿದ್ದು.”

ಸೋತವರು ಎಂದರೆ ಅಣ್ಣ, ಅಕ್ಕ ಎಂದು ಟೈಲರಮ್ಮನಿಗೆ ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ.

ಆಪರೇಷನ್ ಆಯಿತು. ಕೆಲವು ಸಣ್ಣ ತೂತುಗಳು, ಹೊಕ್ಕುಳ ಹತ್ತಿರ ಬೆರಳುದ್ದದ ಒಂದು ಗಾಯ, ಅಷ್ಟೇ. ಮರುದಿನವೇ ನರ್ಸು ಬಂದು “ಏಳಿ, ನಡೀಬೇಕು” ಎಂದಾಗ ಇವಳಿಗೆ ದಿಗಿಲಾಯಿತು. ಅಣ್ಣನನ್ನು ಮಗ್ಗುಲು ತಿರುಗಿಸಲೂ ಇಬ್ಬರು ಬೇಕಾಗಿತ್ತು. ಔಷಧಿ ಬಾಟಲಿಯ ಕಂಬ ಹಿಡಿದು, ಕಾರಿಡಾರಿನ ಗೋಡೆಯ ಪಕ್ಕ ಸವೆದ ನೆಲ ನೋಡುತ್ತಾ ನಡೆಯುತ್ತಿದ್ದಾಗ ಎದುರಿಗೆ ಅತ್ತಿಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಹಣ್ಣಿನ ಚೀಲ.

“ನಡೀತಿದ್ದೀಯಾ?”

“ನಡೀಲೇಬೇಕಂತೆ ಅತ್ತಿಗೆ. ನಿನ್ನೆ ತಾನೇ ಆಯ್ತು.”

“ತೋರಿಸು.”

ಮಂಚಕ್ಕೆ ಮರಳಿ ಪರದೆ ಎಳೆದು ಅಂಗಿ ಎತ್ತಿ ತೋರಿಸಿದಳು. ಅತ್ತಿಗೆ ಗಾಯಗಳ ಮೇಲಿನ ಪಟ್ಟಿಗಳನ್ನೇ ನೋಡಿದಳು.

“ಇಷ್ಟೇನಾ?” ಎಂದಳು. ಆಮೇಲೆ ತನ್ನ ಎದೆಯಡಿಯಿಂದ ಕೆಳಗಿನವರೆಗೆ ಬೆರಳು ಎಳೆದು, “ಅವರನ್ನ ಇಲ್ಲಿಂದ ಇಲ್ಲೀವರೆಗೂ ಸೀಳಿದ್ರಲ್ಲೇ” ಎಂದಳು. ಚೀಲವನ್ನು ಮಂಚದ ಮೇಲಿಟ್ಟು ಹೊರಟೇಬಿಟ್ಟಳು. ಮತ್ತೆ ಬರಲಿಲ್ಲ, ಫೋನೂ ಮಾಡಲಿಲ್ಲ.

ವಾರ ಕಳೆಯುವಷ್ಟರಲ್ಲಿ ಮನೆಗೆ ಕಳಿಸಿದರು. ಮನೆಯೆಂದರೆ ಅಂಗಡಿಯ ಹಿಂದಿನ ಒಂದು ಕೋಣೆ. ಹಸಿವು ಅನ್ನುವುದು ಹೇಳದೆ ಕೇಳದೆ ಮನೆ ಬಿಟ್ಟು ಹೋಗಿತ್ತು. ಗಡಿಯಾರ ಕೂಗಿದಾಗ ಎದ್ದು ಅರ್ಧ ಮೊಟ್ಟೆ, ನಾಲ್ಕು ಚಮಚ ಗಂಜಿ. ಒಂದು ದಿನ ಆಸೆಪಟ್ಟು ಸಕ್ಕರೆ ಹಾಕಿದ ಚಹಾ ಗಟಗಟ ಕುಡಿದಳು. ಸಕ್ಕರೆ ನೇರ ಕರುಳಿಗಿಳಿದು, ಎದೆ ಢವಢವ ಹೊಡೆದುಕೊಂಡು, ಮೈಯೆಲ್ಲ ಬೆವರಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಹೋಗಿ ಮಲಗಿದಳು. ನಿಂಗೂ ಹೀಗೇ ಆಗ್ತಿತ್ತೇನೇ ಅಂತ ಅಕ್ಕನನ್ನು ಕೇಳಬೇಕೆನಿಸಿತು. ಅಕ್ಕ ಇದ್ದಾಗ ಒಂದು ದಿನವೂ ಕೇಳಿರಲಿಲ್ಲ.

ಮೈ ಇಳಿಯಿತು. ಗಿರಾಕಿಗಳು, “ಸಣ್ಣಗಾಗಿ ಲಕ್ಷಣವಾಗಿ ಕಾಣ್ತೀರಲ್ಲ ಟೈಲರಮ್ಮ, ಏನು ಗುಟ್ಟು?” ಎಂದರೆ, “ಬಾಯಿ ಕಟ್ಟಿದ್ದೀನಿ” ಎಂದು ನಗುವಳು. ತನ್ನ ಬಟ್ಟೆಗಳನ್ನೂ ಬಿಗಿ ಮಾಡಿಕೊಳ್ಳಬೇಕಾಯಿತು. ಮುಂದುಗಡೆ ಗುಂಡುಪಿನ್ನು ಚುಚ್ಚಿಕೊಳ್ಳಬಹುದು; ಬೆನ್ನ ಮೇಲೆ ಯಾರಾದರೂ ಚುಚ್ಚಿಕೊಡಬೇಕು. ಕನ್ನಡಿಯ ಮುಂದೆ ಕೈ ತಿರುವಿ ತಿರುವಿ ಸೋತು, ಆ ರವಿಕೆಯನ್ನು ಬೆನ್ನು ಸಡಿಲವಾಗಿರುವಂತೆಯೇ ತೊಟ್ಟುಕೊಂಡಳು. ಊರಿನವರ ಮೈಯಳತೆಯೆಲ್ಲ ಅವಳ ಬೆರಳ ತುದಿಯಲ್ಲಿತ್ತು, ಅವಳ ಬೆನ್ನಿಗೆ ಕೈ ತಾಗಿಸುವವರು ಮಾತ್ರ ಯಾರೂ ಇರಲಿಲ್ಲ.

ಹೀಗೇ ಐದು ವರ್ಷ. ಪ್ರತಿ ಸಲದ ಸ್ಕ್ಯಾನೂ ನಿರ್ಮಲ. ಕೊನೆಯ ಸಲ ಸರ್ಜನ್ ಕೈ ಕುಲುಕಿದರು.

“ಇನ್ನು ನಮ್ಮ ಹತ್ರ ಬರೋದು ಬೇಕಿಲ್ಲ ಅಮ್ಮ. ಸೂಜಿಗೆ, ರಕ್ತಪರೀಕ್ಷೆಗೆ ನಿಮ್ಮ ಬೀದಿಯ ಕ್ಲಿನಿಕ್ಕೇ ಸಾಕು. ಗೆದ್ರಿ.”

ಬಾಗಿಲಾಚೆ ಜನ ತುಂಬಿದ್ದರು. ಇಂಥ ಸುದ್ದಿ ಕೇಳಿ ಬಂದವರನ್ನು ಮನೆಯವರು ತಬ್ಬಿಕೊಳ್ಳುವುದನ್ನು ಅವಳು ಅಲ್ಲಿನ ಬೆಂಚಿನ ಮೇಲೆ ಕೂತು ಎಷ್ಟೋ ಸಲ ಕಂಡಿದ್ದಳು. ಅವಳಿಗೆ ಕೆಲಸದಿಂದ ತೆಗೆದುಹಾಕಿದ ಹಾಗಾಯಿತು. ತನ್ನ ಹೆಸರು ಹಿಡಿದು ಕರೆದು, ಹೇಗಿದ್ದೀರಿ ಎಂದು ಕೇಳಿ, ಉತ್ತರಕ್ಕೆ ಕಾಯುವವರು ಈ ಕಟ್ಟಡದಲ್ಲಿ ಮಾತ್ರ ಇದ್ದರು.

ನಿಲ್ದಾಣದಲ್ಲಿ ತನ್ನ ಬಸ್ಸನ್ನು ಬಿಟ್ಟು, ಅತ್ತಿಗೆಯ ಬಡಾವಣೆಯ ಬಸ್ಸು ಹತ್ತಿದಳು.

ಅತ್ತಿಗೆ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. “ಬಾ,” ಎಂದಳು. ಒಂದು ಕುರ್ಚಿಯ ಮೇಲಿದ್ದ ಒಣಗಿದ ಬಟ್ಟೆಗಳನ್ನು ಎತ್ತಿ ಜಾಗ ಮಾಡಿದಳು.

“ಇವತ್ತು ಬರೋದು ಬೇಡ ಅಂದ್ರು ಅತ್ತಿಗೆ. ವಾಸಿಯಾಯ್ತಂತೆ.”

“ನೋವಾಯ್ತೇನೇ ನಿಂಗೆ? ಆವತ್ತು, ಆಪರೇಷನ್ ಆದಾಗ?”

ತುಂಬ ನೋವಾಯಿತು ಎಂದುಬಿಡಬಹುದಿತ್ತು. ಮುಂದೆ ಕೂತ ಮುದುಕಿಗೆ ಅದರಿಂದ ಏನೋ ಸಮಾಧಾನವಾದರೂ ಆಗುತ್ತಿತ್ತು. ಆದರೆ ನಾಲಿಗೆ ಹೊರಳಲಿಲ್ಲ.

“ಇಲ್ಲ ಅತ್ತಿಗೆ. ಅಷ್ಟೇನೂ ಆಗಲಿಲ್ಲ.”

ಅತ್ತಿಗೆ ಮಡಿಲಲ್ಲಿದ್ದ ಬಟ್ಟೆಯೊಂದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

“ಆವತ್ತು ನೀನು ಹಾಗೆ ನಡೆದು ಬರೋದು ನೋಡಿ ನಂಗೆ ಹೊಟ್ಟೆ ಉರೀತು ಕಣೇ. ಎಂಥ ಪಾಪಿ ಜೀವ ನಂದು ಅಂತ ನಾಚಿಕೆಯಾಗಿ ಮುಖ ತೋರಿಸಲಿಲ್ಲ. ಇನ್ನೊಬ್ಬರು ಬದುಕಿದ್ದಕ್ಕೆ ಉರ್ಕೋತಾರಾ ಯಾರಾದ್ರೂ?”

“ನಂಗೂ ಉರಿಯುತ್ತೆ ಅತ್ತಿಗೆ, ನಾನೊಬ್ಬಳೇ ಉಳಿದೆನಲ್ಲ ಅಂತ. ನನ್ನ ಮೇಲೆ ನಂಗೇ.”

ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದರು. ಅತ್ತಿಗೆ ಎದ್ದು ಒಳಗೆ ಹೋದಳು. ಬರುವಾಗ ಒಂದು ತಟ್ಟೆಯಲ್ಲಿ ಬಾಳೆಹಣ್ಣಿನ ನಾಲ್ಕೇ ನಾಲ್ಕು ಬಿಲ್ಲೆ ತಂದಿಟ್ಟಳು. ಇಷ್ಟೇ ತಿನ್ನಬೇಕೆಂದು ಅವಳಿಗೆ ಯಾರು ಹೇಳಿದರೋ, ಟೈಲರಮ್ಮ ಕೇಳಲಿಲ್ಲ.

“ಮೆಲ್ಲಗೆ ತಿನ್ನು,” ಎಂದು ಎದುರಿಗೆ ಕೂತಳು ಅತ್ತಿಗೆ. “ನಂಗೂ ಬೇರೆ ಕೆಲಸವೇನಿಲ್ಲ.”