ಹುಳುಮನೆಗೆ ಹೋದ ಕಥೆಪುಸ್ತಕ

ಪುಟ್ಟೀ, ಚಿನ್ನೂ, ನೀವು ಚಿಕ್ಕವರಿದ್ದಾಗ ಇಲ್ಲಿ ಬಿಟ್ಟುಹೋದ ಕಥೆಪುಸ್ತಕಗಳ ಟ್ರಂಕು ಏನಾಯಿತು ಅಂತ ಹೋದ ಸಲ ಬಂದಾಗ ಕೇಳಿದಿರಿ. ಊರ ಮಕ್ಕಳು ಓದುತ್ತಾರೆ ಅಂದು ಸುಮ್ಮನಾದೆ. ಎದುರಿಗೆ ಕೂತು ಉದ್ದಕ್ಕೆ ಮಾತಾಡುವುದು ನನಗೆ ಯಾವತ್ತೂ ಒಗ್ಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಆಮೇಲೂ ಓದುವ ಚಟ ಬಿಡಲಿಲ್ಲ, ಬೆಲ್ಲ ಕಟ್ಟಿ ತಂದ ಪೇಪರನ್ನೂ ಬಿಡಿಸಿ ಓದುತ್ತಿದ್ದೆ. ನಿಮ್ಮ ತಾತ ದೊಡ್ಡಬಳ್ಳಾಪುರಕ್ಕೆ ಹೋದರೆ ವಾರಪತ್ರಿಕೆ ಹಿಡಿದುಕೊಂಡೇ ಬರುತ್ತಿದ್ದರು. ಅವರು ಹೋದ ಮೇಲೆ ನಾನು ರೇಷ್ಮೆ ಸಾಕುವುದನ್ನು ನಿಲ್ಲಿಸಿದೆ. ಮಧ್ಯಾಹ್ನದ ಹೊತ್ತು ಉಳಿಯತೊಡಗಿತು. ನಿಮ್ಮ ಟ್ರಂಕು ತೆಗೆದು ಒಂದೊಂದೇ ಪುಸ್ತಕ ಮುಗಿಸಿದೆ. ಒಳ್ಳೆಯ ಕಥೆ ಓದಿ ಸುಮ್ಮನೆ ಇಟ್ಟುಕೊಳ್ಳುವುದು ಹೋಳಿಗೆ ಮಾಡಿ ಬಾಗಿಲು ಹಾಕಿಕೊಂಡು ತಿಂದ ಹಾಗೆ ಅನ್ನಿಸಿತು.

ಶನಿವಾರ ಶಾಲೆ ಅರ್ಧ ದಿನ. ಜಗಲಿಯ ಮೇಲೆ ಚಾಪೆ ಹಾಸಿ, ಟ್ರಂಕಿನ ಮುಚ್ಚಳ ತೆಗೆದಿಟ್ಟೆ. ಯಾರನ್ನೂ ಕರೆಯಲಿಲ್ಲ, ಕರೆಯಲು ನಾಚಿಕೆ. ಮಕ್ಕಳು ತಾವಾಗಿಯೇ ಬಂದರು. ಬೇಕಾದ್ದನ್ನು ಮನೆಗೆ ಒಯ್ದು ಓದಿ, ಮುಂದಿನ ವಾರ ಎಲ್ಲರೆದುರು ಕಥೆ ಹೇಳಬೇಕು ಎಂಬ ಕಟ್ಟಳೆಯನ್ನೂ ಅವರೇ ಮಾಡಿಕೊಂಡರು. ಅದಕ್ಕೆ ‘ಅಜ್ಜಿ ಕ್ಲಬ್ಬು’ ಅಂತ ಹೆಸರಿಟ್ಟರು. ನನ್ನದು ತಲೆಯಾಡಿಸುವ ಕೆಲಸ ಅಷ್ಟೆ.

ಹಿಂದಿನ ಮನೆಯ ಹುಡುಗಿ ಒಬ್ಬಳಿದ್ದಳು, ಆರನೆಯ ಕ್ಲಾಸು. ಅವರದು ಹುಳುಮನೆ ಕಟ್ಟಿ ರೇಷ್ಮೆಹುಳು ಸಾಕುವ ಮನೆ. ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಕ್ಲಾಸಿನಲ್ಲಿ ಓದಲು ಎಬ್ಬಿಸಿದರೆ ಅಳುತ್ತಿದ್ದಳಂತೆ. ನಮ್ಮ ಜಗಲಿಗೆ ಬರತೊಡಗಿದ ಮೇಲೆ, ನಿಧಾನವಾದರೂ, ಪುಸ್ತಕ ಕೆಳಗಿಡದ ಹಾಗಾಗಿದ್ದಳು.

ಒಂದು ಬೆಳಿಗ್ಗೆ ಅವಳ ತಾಯಿ ಬಂದಳು. ನಮ್ಮ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸತ್ತ ಇಲಿಯನ್ನು ಹಿಡಿದ ಹಾಗೆ ಮೈಯಿಂದ ದೂರ ಹಿಡಿದಿದ್ದಳು.

“ದೊಡ್ಡಮ್ಮ, ಇದಕ್ಕೆ ಏನ್ ಹಾಕಿದ್ರಿ?”

“ನುಸಿಗುಳಿಗೆ ಕಣವ್ವ. ಟ್ರಂಕಿಗೆ. ಹುಳ ಹಿಡೀಬಾರ್ದು ಅಂತ.”

“ನಿಮ್ಮ ಪುಸ್ತಕಕ್ಕೆ ಹುಳ ಹಿಡೀಬಾರ್ದು. ನಮ್ಮ ಹುಳ ಸತ್ರೂ ಪರ್ವಾಗಿಲ್ಲ, ಅಲ್ವಾ?”

ರೇಷ್ಮೆಹುಳುವಿಗೆ ಘಾಟು ವಾಸನೆ ಆಗದು. ಹುಳುವಿನ ಬೆಳೆ ಇರುವಾಗ ಆ ಬೀದಿಯಲ್ಲಿ ಯಾರೂ ಸೊಳ್ಳೆಬತ್ತಿ ಕೂಡ ಹಚ್ಚುವುದಿಲ್ಲ. ಪುಸ್ತಕಕ್ಕೂ ಘಾಟು ಹತ್ತಿದೆ ಅಂತ ಮಗುವಿಗೇನು ಗೊತ್ತು? ಸೊಪ್ಪು ಹಾಕುತ್ತಾ ಓದಲೆಂದು ಪುಸ್ತಕವನ್ನು ಹುಳುಮನೆಯ ಬಾಗಿಲ ಹತ್ತಿರ, ಹುಳು ಮೇಯುವ ಸ್ಟ್ಯಾಂಡಿನ ಮೇಲಿಟ್ಟು, ಅಲ್ಲೇ ಮರೆತು ಬಂದಿದ್ದಾಳೆ. ಬೆಳಗಾಗುವಷ್ಟರಲ್ಲಿ ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಕೂತಿವೆ.

ಪೊರೆ ಬಿಡುವ ಮುಂಚೆಯೂ ಹುಳು ಹಾಗೆಯೇ ಕೂರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಕೊನೆಯ ಜ್ವರ ಅವತ್ತಲ್ಲ, ಮರುದಿನ ಬರಬೇಕಿತ್ತು. ಘಾಟು ತಾಗಿದ ಹುಳುವೂ ಮೊದಮೊದಲು ತಲೆ ಎತ್ತಿಯೇ ಇರುತ್ತದೆ. ಜ್ವರಕ್ಕೆ ಕೂತದ್ದು ಎದ್ದು ಸೊಪ್ಪು ಮುಟ್ಟುತ್ತದೆ. ಘಾಟು ತಾಗಿದ್ದು ವಾಂತಿ ಮಾಡಿಕೊಂಡು ಸಾಯುತ್ತದೆ, ಏಳುವುದಿಲ್ಲ.

“ನಾಳೆ ಎದ್ರೆ ಸರಿ. ಇಲ್ದಿದ್ರೆ ಇಸ್ಕೂಲ್ ಪುಸ್ತಕ ಬಿಟ್ಟು ಇನ್ನೊಂದನ್ನ ಅವಳು ಮುಟ್ಟಲ್ಲ. ಹುಳ ಮೇಯ್ಸೋ ಮನೆಗೆಲ್ಲಾ ನಾನೇ ಹೋಗಿ ಹೇಳ್ತೀನಿ,” ಅಂದು ಕವರನ್ನು ಮೆಟ್ಟಿಲ ಮೇಲಿಟ್ಟು ಹೋದಳು.

ಸಂಜೆಯವರೆಗೆ ಪುಸ್ತಕಗಳನ್ನೆಲ್ಲ ಬಿಸಿಲಿಗೆ ಹರವಿ ತಿರುವಿ ಹಾಕಿದೆ. ಆಮೇಲೆ ಮೈಯ ಘಾಟು ಹೋಗಲೆಂದು ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಅವರ ಮನೆಗೆ ಹೊರಟೆ. ಹುಡುಗಿಯ ತಾತ ಹೊರಗೆ ಕೂತಿದ್ದರು.

“ಏನವ್ವಾ, ನಮ್ಮ ಹುಳಗಳಿಗೂ ಕಥೆ ಓದಕ್ ಬಂದ್ಯಾ?”

ನಾನು ಸೀದಾ ಹುಳುಮನೆಯ ಕಡೆ ನಡೆದೆ. ತಾಯಿ ಹುಳುಮನೆಯ ಬಾಗಿಲಲ್ಲೇ ನಿಂತು ಕೈ ಅಡ್ಡ ಮಾಡಿದಳು. “ಒಳಗ್ ಬರ್ಬೇಡಿ.”

“ಸುಣ್ಣ ಹಾಕ್ದ್ಯೇನವ್ವ?” ಹುಳು ಜ್ವರಕ್ಕೆ ಕೂತಾಗ ಹಾಸು ಒಣಗಲೆಂದು ಸುಣ್ಣದ ಪುಡಿ ಚಿಮುಕಿಸುತ್ತೇವೆ.

“ಹಾಕ್ದೆ.”

“ವಾಂತಿ ಮಾಡ್ಕೊಂಡಿದಾವಾ?”

ಅವಳು ತಡೆದು ಹೇಳಿದಳು, “ಬಾಗಿಲತ್ರ ಇರೋವು, ಒಂದಷ್ಟು.”

ಒಳಗಿಂದ ಒಂದು ಸದ್ದೂ ಇಲ್ಲ. ಹುಳು ಮೇಯುವಾಗಲಾದರೆ ಸೊಪ್ಪಿನ ಮೇಲೆ ಮಳೆ ಹನಿದ ಹಾಗೆ ಸದ್ದಿರುತ್ತದೆ. ಹುಡುಗಿ ಸೊಪ್ಪಿನ ಹೊರೆಯ ಹಿಂದೆ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ನನ್ನ ಕಡೆ ನೋಡಲಿಲ್ಲ.

ಮರುದಿನ ಮತ್ತೆ ಹೋಗಿ ಕೇಳಲು ನನಗೆ ಧೈರ್ಯವಾಗಲಿಲ್ಲ. ಹಿತ್ತಲಿಂದ ಅವರ ಹಿಪ್ಪುನೇರಳೆ ತೋಟ ಕಾಣುತ್ತದೆ. ಹುಳು ಎದ್ದಿದ್ದರೆ ಸೊಪ್ಪು ಕೊಯ್ಯಲು ಬರಲೇಬೇಕು. ಹತ್ತು ಗಂಟೆಗೆ ಯಾರೂ ಇಲ್ಲ. ಸಾರಿಗೆ ಒಗ್ಗರಣೆ ಹಾಕಿ ಬಂದು ನೋಡಿದೆ, ಆಗಲೂ ಇಲ್ಲ. ಹೊತ್ತು ಇಳಿಯುವಾಗ ಕುಡುಗೋಲಿನ ಸದ್ದು ಕೇಳಿತು. ಓಡಿಹೋಗಿ ಬೇಲಿ ಹಿಡಿದು ನಿಂತೆ. ತಾಯಿ ಬಗ್ಗಿ ಕಡ್ಡಿ ಕೊಯ್ಯುತ್ತಿದ್ದಳು, ಬಲು ಅವಸರದಲ್ಲಿ.

“ಎದ್ವು,” ಅಂದಳು, ತಲೆ ಎತ್ತದೆ. “ಬಾಗಿಲ ಕಡೆಯೋವು ಹೋದ್ವು.”

ಅವು ಹೋದದ್ದು ಪುಸ್ತಕದಿಂದಲೋ, ಬಾಗಿಲ ಝಳದಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೈಯುತ್ತಿದ್ದಳು.

“ಮಗೂನ ಶನಿವಾರ…” ಅಂದೆ. ಅವಳು ಹೊರೆ ಎತ್ತಿಕೊಂಡು ನಡೆದಳು.

ಶನಿವಾರ ಚಾಪೆ ಹಾಸಿದೆ. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಬಂದವರು ಮೂವರೋ ನಾಲ್ವರೋ, ಯಾರ ಮನೆಯಲ್ಲೂ ಹುಳು ಇಲ್ಲದವರು. ಅವರು ಪುಸ್ತಕ ಆರಿಸುತ್ತಿರುವಾಗ ತಾಯಿ ಮಗಳ ರಟ್ಟೆ ಹಿಡಿದು ಕರೆತಂದಳು.

“ಇವಳು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಅದಕ್ಕೆ ಬಂದೆ. ಆದ್ರೆ ಒಂದ್ ಪುಸ್ತಕಾನೂ ನಮ್ಮ ಹೊಸಿಲು ದಾಟ್ಬಾರ್ದು. ಓದಿದ್ರೆ ಇಲ್ಲೇ ಓದ್ಲಿ.” ಆಮೇಲೆ ತಾನೇ ಅಂದಳು, “ಇಲ್ಲಿ ಅರ್ಧ ಗಂಟೆಲಿ ಏನ್ ಓದ್ತಾಳೆ? ಒಂದು ಹಾಳೆ ಮುಗ್ಸಕ್ಕೆ ಸೂರ್ಯ ಮುಳುಗ್ತಾನೆ. ಬರ್ದೇ ಇರೋದೇ ವಾಸಿ ಬಿಡಿ.” ಹುಡುಗಿಯನ್ನು ತಿರುಗಿಸಿಯೇ ಬಿಟ್ಟಳು.

“ನಾನ್ ಓದ್ತೀನಿ,” ಅಂದೆ. “ಎಲ್ರಿಗೂ ಕೇಳೋ ಹಾಗೆ.”

ನನ್ನ ಬಾಯಿಂದ ಅದು ಹೇಗೆ ಬಂತೋ. ಮಕ್ಕಳೆಲ್ಲ ನನ್ನ ಮುಖ ನೋಡಿದರು. ಕೈಗೆ ಸಿಕ್ಕ ಪುಸ್ತಕ ತೆರೆದೆ. ಅಕ್ಷರಗಳು ಕುಣಿದವು, ದನಿ ನಡುಗಿತು.

“ಅಜ್ಜೀ, ಒಂದ್ ಸಾಲು ಬಿಟ್ರಿ,” ಅಂದಿತು ಒಂದು ಮಗು.

ಮತ್ತೆ ಮೊದಲಿಂದ ಓದಿದೆ. ತಾಯಿ ರಟ್ಟೆ ಬಿಡದೆ ಮೆಟ್ಟಿಲ ಮೇಲೆ ನಿಂತೇ ಇದ್ದಳು. ನಿಲ್ಲಿಸಿದರೆ ಕರೆದುಕೊಂಡು ಹೋಗುತ್ತಾಳೆ ಅಂತ ನಾನು ಉಸಿರು ತೆಗೆದುಕೊಳ್ಳಲೂ ಹೆದರಿದೆ. ಹಾಳೆ ತಿರುಗಿಸುವಾಗ ಕಣ್ಣೆತ್ತಿದರೆ ಹುಡುಗಿ ಒಬ್ಬಳೇ ನಿಂತಿದ್ದಳು. ಬೀದಿಯಿಂದ ದನಿ ಬಂತು: “ಸೊಪ್ಪಿಗೆ ಹೊತ್ತಾಯ್ತು. ಮುಗಿದ್ಮೇಲೆ ಕಳ್ಸಿ.”

ಹುಡುಗಿ ಚಾಪೆಯ ಮೇಲೆ ಕೂತಳು.

ಅಂದಿನಿಂದ ನಮ್ಮ ಕ್ಲಬ್ಬಿನಲ್ಲಿ ನಾನೇ ಓದುತ್ತೇನೆ, ಕಣ್ಣು ದಣಿದಾಗ ಅವಳು ಮುಂದುವರಿಸುತ್ತಾಳೆ. ಊರ ಮಕ್ಕಳೆದುರು ದನಿ ಎತ್ತಬಲ್ಲೆ. ನಿಮ್ಮೆದುರು ಇದನ್ನು ಓದಿ ಹೇಳು ಅಂದರೆ ಮಾತ್ರ ಆಗದು, ನಾಚಿಕೆ. ಬರೆದದ್ದು ಇದೊಂದೇ ಪ್ರತಿ. ಕಳೆಯದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.