ಕನಸಕ್ಕ ಎಳೆದ ಎರಡು ಗೆರೆ

ನಮ್ಮ ಆಫೀಸಿನಲ್ಲಿ ಅವಳನ್ನು ಎಲ್ಲರೂ ಕನಸಕ್ಕ ಎನ್ನುತ್ತಿದ್ದರು. ಐದು ಜನರ ತಂಡಕ್ಕೆ ಅವಳೇ ಮುಖ್ಯಸ್ಥೆ. ಆದರೆ ಮಾತಿನ ಮಧ್ಯೆ ಕಿಟಕಿಯಾಚೆ ನೋಡುತ್ತಾ ಎಲ್ಲೋ ಹೋಗಿಬಿಡುತ್ತಿದ್ದಳು. ಕೈಯಲ್ಲಿದ್ದ ಚಹಾ ಆರಿ ತಣ್ಣಗಾದರೂ ಎಚ್ಚರವಿಲ್ಲ. "ಅಕ್ಕಾ, ಇಳಿದು ಬಾ" ಎಂದು ನಾನು ಮೇಜು ತಟ್ಟಬೇಕು. ಆಗ ನಕ್ಕು, ಬಿಟ್ಟಲ್ಲಿಂದಲೇ ಮಾತು ಮುಂದುವರಿಸುತ್ತಿದ್ದಳು.

ನಾವು ಒಂದು ಆಸ್ಪತ್ರೆಗೆ ರೋಗಿಗಳ ಸರದಿ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಗೋಡೆಯ ಮೇಲೆ ಬರ್ನ್‌ಡೌನ್ ಚಾರ್ಟ್ ಇತ್ತು: ಇನ್ನೆಷ್ಟು ಕೆಲಸ ಉಳಿದಿದೆ ಎಂದು ತೋರಿಸುವ ಒಂದೇ ಗೆರೆ. ಕೆಲಸ ಮುಗಿದಂತೆ ಅದು ಇಳಿಯಬೇಕು. ನಮ್ಮದು ಮೂರು ತಿಂಗಳಿಂದ ಎಮ್ಮೆಯ ಹಾಗೆ ಮಲಗಿತ್ತು. ಬೆನ್ನು ಬಗ್ಗಿಸಿ ದುಡಿದವರು ನಾವು! ಆ ಗೆರೆ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಶುಕ್ರವಾರ ದೊಡ್ಡ ಸಾಹೇಬರು ಬಂದು ಅದನ್ನೇ ದಿಟ್ಟಿಸಿದರು. "ಇಷ್ಟು ಜನ ಸೇರ್ಕೊಂಡು ಏನ್ ಮಾಡ್ತಿದ್ದೀರಿ? ಸೋಮವಾರ ಇಬ್ಬರನ್ನ ಮನೆಗೆ ಕಳಿಸ್ತೀನಿ" ಎಂದರು. ಆ ಇಬ್ಬರು ಯಾರೆಂದು ಕೇಳಬೇಕಾಗಿರಲಿಲ್ಲ. ಕೊನೆಗೆ ಸೇರಿದವರು ನಾನು ಮತ್ತು ಪಕ್ಕದ ಮೇಜಿನ ಕನ್ನಡಕದವನು. ಕನಸಕ್ಕ ಆಗಲೂ ಕಿಟಕಿಯಾಚೆ ನೋಡುತ್ತಿದ್ದಳು. ನಾನು ಅವಳ ಮೇಲೆ ಹಲ್ಲು ಕಡಿದೆ.

ಶನಿವಾರ ಮಧ್ಯಾಹ್ನ ನನ್ನ ಸಾಮಾನು ತೆಗೆದುಕೊಂಡು ಬರಲು ಹೋದೆ. ಆಫೀಸು ಖಾಲಿ. ಬಿಸಿಲು ಮೇಜಿನಿಂದ ಮೇಜಿಗೆ ಮೆಲ್ಲಗೆ ಸರಿಯುತ್ತಿತ್ತು, ಅದರಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಇವತ್ತು ಯಾವ ವಾರ, ಈಗೆಷ್ಟು ಗಂಟೆ ಎನ್ನುವುದೇ ಮರೆತುಹೋಗುವಂಥ ಮೌನ. ಕನಸಕ್ಕ ಬರಿಗಾಲಲ್ಲಿ ಕುರ್ಚಿ ಹತ್ತಿ ಗೋಡೆಗೆ ಹೊಸ ಹಾಳೆ ಅಂಟಿಸುತ್ತಿದ್ದಳು.

"ತುದಿ ಹಿಡ್ಕೊಳ್ಳೇ. ಇದು ಬರ್ನಪ್ ಚಾರ್ಟು, ಇದಕ್ಕೆ ಎರಡು ಗೆರೆ. ಕೆಳಗಿನ ನೀಲಿದು ನಾವು ಮುಗಿಸಿದ ಕೆಲಸ. ಮೇಲಿನ ಕೆಂಪು ಒಟ್ಟು ಕೆಲಸ. ಎರಡೂ ಕೂಡಿದ ದಿನ ಎಲ್ಲಾ ಮುಗೀತು ಅಂತ."

ಹಳೆಯ ಲೆಕ್ಕ ತೆಗೆದು, ಎರಡೆರಡು ವಾರಕ್ಕೊಂದು ಚುಕ್ಕಿ ಇಟ್ಟಳು. ನೀಲಿ ಗೆರೆ ಹತ್ತುತ್ತಾ ಹೋಯಿತು. ಎಲ್ಲೂ ನಿಂತಿರಲಿಲ್ಲ. ಅಷ್ಟೂ ದಿನ ನಾವು ನಡೆಯುತ್ತಲೇ ಇದ್ದೆವು! ಆದರೆ ಕೆಂಪು ಗೆರೆಯೂ ಅಷ್ಟೇ ಹತ್ತಿತ್ತು, ಅದಕ್ಕೇ ಉಳಿದ ಕೆಲಸ ಇಳಿದಿರಲಿಲ್ಲ. ಆಸ್ಪತ್ರೆಯವರು ಆಗಾಗ ಫೋನ್ ಮಾಡಿ "ಇನ್ನೊಂದು ಚಿಕ್ಕದು" ಎಂದು ಸೇರಿಸಿದ ಕೆಲಸಗಳು ಇಪ್ಪತ್ಮೂರು. ಒಂದೊಂದಕ್ಕೂ ಹಳದಿ ಚೀಟಿ ಇತ್ತು. ಕೆಂಪು ಗೆರೆ ಎಲ್ಲೆಲ್ಲಿ ಏರಿತ್ತೋ ಅಲ್ಲಲ್ಲಿ ಅವನ್ನು ಅಂಟಿಸಿದಳು.

ಅವುಗಳಲ್ಲಿ ನಾಲ್ಕು ನನ್ನ ಅಕ್ಷರ. ಅವಳಿಲ್ಲದಾಗ ಫೋನ್ ಎತ್ತಿ, ಭಾರೀ ಯಜಮಾನಿಯ ಹಾಗೆ "ಮಾಡ್ಕೊಡ್ತೀವಿ ಬಿಡಿ" ಎಂದವಳು ನಾನೇ. ಕನಸಕ್ಕ ಆ ನಾಲ್ಕನ್ನೂ ಉಳಿದವುಗಳ ಜೊತೆಗೇ ಅಂಟಿಸಿದಳು.

ಸೋಮವಾರ ಸಾಹೇಬರು ಹಾಳೆಯ ಮುಂದೆ ಬಹಳ ಹೊತ್ತು ನಿಂತರು.

"ಕೆಲಸ ನಡೆದಿದೆ. ಯಾರನ್ನೂ ಕಳಿಸೋದು ಬೇಡ. ಆದ್ರೆ ನನ್ನನ್ನ ಒಂದು ಮಾತು ಕೇಳ್ದೆ ಇಷ್ಟಕ್ಕೂ ಒಪ್ಪಿದ್ದು ಯಾರು?"

"ಎಲ್ಲಾ ನಾನೇ ಸಾರ್" ಎಂದಳು ಕನಸಕ್ಕ.

ಈಗ ಹೇಳುತ್ತೇನೆ, ಇನ್ನೇನು ಹೇಳಿಯೇ ಬಿಡುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಸಾಹೇಬರು, "ಹಾಗಾದ್ರೆ ಇವತ್ತಿಂದ ತಂಡ ಬೇರೆಯವರು ನೋಡ್ಕೊಳ್ಳಲಿ" ಎಂದು ತಮ್ಮ ಕೋಣೆಗೆ ಹೋದರು.

ನಾನು ಕೋಣೆಯ ಹೊರಗಿನ ಉದ್ದ ಹಾದಿಯಲ್ಲಿ ಅವಳನ್ನು ತಡೆದೆ. "ಅಕ್ಕಾ, ನಾಲ್ಕು ನಂದು."

"ಗೊತ್ತು ಕಣೇ. ಕಾಗೆ ಕಾಲು ಗುಬ್ಬಿ ಕಾಲು, ನಿನ್ನ ಅಕ್ಷರ ನಂಗೆ ಗೊತ್ತಾಗಲ್ವಾ? ಹತ್ತೊಂಬತ್ತು ಹೊತ್ತವಳಿಗೆ ಇನ್ನು ನಾಲ್ಕು ಭಾರನಾ?"

"ಈಗ್ಲೇ ಹೋಗಿ ಸಾಹೇಬರಿಗೆ ಹೇಳ್ತೀನಿ."

ಅವಳು ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಸಾಹೇಬರ ಬಾಗಿಲು ಹತ್ತೇ ಹೆಜ್ಜೆ. ನಾನು ತಿರುಗಿ ನನ್ನ ಮೇಜಿಗೆ ಬಂದು ಕೂತೆ.