ಬ್ಯಾಟರಿಗೆ ಇಳಿಸಿದ ನೀರು

ಚಿನ್ನವ್ವ, ಪುಟ್ಯಾ, ಮೊನ್ನೆ ನಿಮ್ಮ ಮನೆಯಲ್ಲಿ ಏಸಿ ಹಾಕಿಕೊಂಡು ಮಲಗಿದ್ದಾಗ ನೀವು ನನ್ನನ್ನು ಕೇಳಿದಿರಿ, "ಅಜ್ಜೀ, ನಿನ್ನ ಕಾಲದಾಗ ಫ್ಯಾನರ ಇತ್ತೇನು?" ನಾನು ನಕ್ಕು ಸುಮ್ಮನಾದೆ. ನಾಲ್ಕು ಜನ ಕೂತಲ್ಲಿ ಬಾಯಿ ತೆರೆಯುವುದು ನನ್ನಿಂದ ಈಗಲೂ ಆಗುವುದಿಲ್ಲ. ಬರೆಯುವುದಾದರೆ ಆಗುತ್ತದೆ. ಫ್ಯಾನು ಇತ್ತು. ನಿಮ್ಮ ಅವ್ವ ಆರು ತಿಂಗಳ ಕೂಸಾಗಿದ್ದಾಗಲೇ ಫ್ಯಾನಿನ ಗಾಳಿಯಲ್ಲಿ ಮಲಗಿದವಳು, ಅದೂ ಮೋಟಾರು ವ್ಯಾನಿನೊಳಗೆ. ಆ ಗಾಳಿಯನ್ನು ಅವಳಿಗೆ ಉಳಿಸಿಕೊಟ್ಟವಳು ನಾನು.

ನಿಮ್ಮ ಅಜ್ಜ ಒಂದು ಚಹಾಪುಡಿ ಕಂಪನಿಯ ಪ್ರಚಾರದ ವ್ಯಾನಿಗೆ ಡ್ರೈವರ್ ಆಗಿದ್ದರು. ತಗಡಿನ ಮೈ, ನೆತ್ತಿಯ ಮೇಲೆ ಎರಡು ಭೋಂಗಾ, ಈಗ ನೀವು ಲೌಡ್‌ಸ್ಪೀಕರ್ ಅನ್ನುತ್ತೀರಲ್ಲ, ಅದು. ಒಳಗೆ ಮುಂದಿನ ಅರ್ಧದಲ್ಲಿ ಚಹಾದ ಪೆಟ್ಟಿಗೆಗಳು, ಹಾಡಿನ ಮಷೀನು. ಹಿಂದಿನ ಅರ್ಧದಲ್ಲಿ ನಮ್ಮ ಸಂಸಾರ. ಮಲಗಲು ಒಂದು ಹಲಗೆ, ಒಂದು ಸ್ಟೋವು, ಮೇಲಿನ ಸಲಾಕೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಕೂಸು. ರೋಣ, ನರಗುಂದ, ಗಜೇಂದ್ರಗಡ, ಎಲ್ಲಿ ಸಂತೆಯೋ ಅಲ್ಲಿ ನಾವು. ಬಾಣಂತನ ಮುಗಿಸಿ ಜಕ್ಕಲಿಯ ತವರಿನಿಂದ ಕೂಸನ್ನೆತ್ತಿಕೊಂಡು ಆ ವ್ಯಾನು ಹತ್ತಿದಾಗ ಓಣಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ ಎಂದುಕೊಂಡೆ. ಗಂಡ ವರ್ಷದಲ್ಲಿ ಹತ್ತು ತಿಂಗಳು ದಾರಿಯ ಮೇಲಿರುವವರು. ನಾನು ತವರಿನಲ್ಲಿ ಕೂತಿದ್ದರೆ ಕೂಸು ಅಪ್ಪನನ್ನು ಕಂಡು ಹೊಸಬನೆಂದು ಅಳುತ್ತಿತ್ತು.

ಬೇಸಿಗೆ ಬಂತು. ಎರೆಹೊಲದ ನಡುವಿನ ರಸ್ತೆಯಲ್ಲಿ ಮಧ್ಯಾಹ್ನ ಆ ತಗಡು ಕಾದ ಹಂಚಿನಂತಾಗುತ್ತಿತ್ತು. ಕೂಸಿನ ಕೊರಳು, ಬೆನ್ನು ತುಂಬ ಬೆವರುಗುಳ್ಳೆ. ವ್ಯಾನಿನಲ್ಲಿ ಅಂಗೈಯಗಲದ ಒಂದು ಫ್ಯಾನು ಇತ್ತು. ಅದು ಕಂಪನಿಯ ಏಜೆಂಟರು ಮುಂದಿನ ಸೀಟಿನಲ್ಲಿ ಕೂತಾಗ ಹಾಕಿಕೊಳ್ಳಲೆಂದು ಇಟ್ಟದ್ದು. ಅವರು ಇಳಿದು ಹೋದಾಗಲೆಲ್ಲ ನಿಮ್ಮ ಅಜ್ಜ ಅದನ್ನು ಕೂಸಿನ ಕಡೆ ತಿರುಗಿಸುತ್ತಿದ್ದರು. ಫ್ಯಾನು, ಭೋಂಗಾ, ದೀಪ, ಗಾಡಿ ಚಾಲೂ ಮಾಡುವ ಸ್ಟಾರ್ಟರು, ಎಲ್ಲಕ್ಕೂ ಇದ್ದದ್ದು ಒಂದೇ ಬ್ಯಾಟರಿ.

ಒಂದು ದಿನ ರೋಣದ ಸಂತೆಯಲ್ಲಿ, ಜನ ಕಿಕ್ಕಿರಿದಿದ್ದಾಗ, ಭೋಂಗಾ ನರಳಿ ನರಳಿ ನಿಂತಿತು. ಗಾಡಿಯೂ ಚಾಲೂ ಆಗಲಿಲ್ಲ. ಹತ್ತು ಮಂದಿ ಹಿಂದಿನಿಂದ ದೂಕಬೇಕಾಯಿತು. "ಗಾಡಿಗೊಂದ ಕಪ್ ಚಹಾ ಕುಡಸ್ರೆಪಾ, ಎಚ್ಚರಾದೀತು!" ಎಂದು ಒಬ್ಬ ಕೂಗಿದ. ಸಂತೆಗೆ ಸಂತೆಯೇ ನಕ್ಕಿತು. ಏಜೆಂಟರ ಮುಖ ಕೆಂಪಾಯಿತು.

ಊರ ಹೊರಗೆ ಬಂದ ಮೇಲೆ ಅವರು ನಿಮ್ಮ ಅಜ್ಜನಿಗೆ ಹೇಳಿದರು, "ಎಲ್ಲಾ ಕರೆಂಟ್ ಆ ಫ್ಯಾನೇ ನುಂಗೇತಿ. ಇದು ಕಂಪನಿ ಗಾಡಿ, ಬಾಣಂತಿ ಖೋಲಿ ಅಲ್ಲ. ಇನ್ನೊಮ್ಮೆ ಹಿಂಗ ನಿಂತಿತಂದ್ರ ತಾಯಿ-ಮಗಳನ್ನ ಜಕ್ಕಲಿಗೆ ಬಿಟ್ಟು ಬಾ."

ನಿಮ್ಮ ಅಜ್ಜ, "ಹೌದ್ರಿ" ಎಂದರು. ನಾನು ಕೂಸನ್ನು ಮಡಿಲಿಗೆ ಎಳೆದುಕೊಂಡು ಸೆರಗಿನಿಂದ ಗಾಳಿ ಹಾಕಿದೆ.

ಮರುದಿನ ಗಜೇಂದ್ರಗಡದ ಮೇಸ್ತ್ರಿಯೊಬ್ಬರು ಬ್ಯಾಟರಿಯ ಬಿರಡೆ ತೆಗೆದು ಬಗ್ಗಿ ನೋಡಿದರು.

"ಇದಕ್ಕ ಯಾವ ನೀರು ಹಾಕೀರಿ?"

"ರೋಣದ ಕೆರಿ ನೀರ್ರಿ. ಭಾಳ ಸಿಹಿ ನೀರು," ಎಂದರು ನಿಮ್ಮ ಅಜ್ಜ, ಹೆಮ್ಮೆಯಿಂದಲೇ.

ತಪ್ಪು ನಮ್ಮಿಬ್ಬರದೂ. ನಮ್ಮ ಸೀಮೆಯ ಬಾವಿಗಳೆಲ್ಲ ಸವಳು. ಸಿಹಿ ನೀರಿನ ಕೆರೆಗೆ ಚಪ್ಪಲಿ ಬಿಟ್ಟು ಇಳಿಯುವ ಜನ ನಾವು. ಅಂಗಡಿಯಿಂದ ತಂದ ಬ್ಯಾಟರಿ ನೀರಿನ ಬಾಟಲಿ ತೀರಿದಾಗ, ಕೆರೆಯ ನೀರಿಗಿಂತ ಶುದ್ಧವಾದದ್ದು ಇನ್ನೇನಿದೆ ಎಂದು ನಾನೇ ಸೋಸಿ ಕೊಟ್ಟಿದ್ದೆ.

ಮೇಸ್ತ್ರಿ ನಕ್ಕರು. "ನಿಮಗ ಅಮೃತ, ಇದಕ್ಕ ವಿಷ. ಕೆರಿ ನೀರಿನಾಗೂ ಮಣ್ಣು, ಉಪ್ಪು ಇರತಾವು. ಕುದಿಸಿ ಆವಿ ಹಿಡದ ನೀರೊಂದ ಬೇಕು. ಗದಗಿನಾಗ ಸಿಗತೈತಿ."

ನಾನು ಒಳಗಿನಿಂದ ನಿಮ್ಮ ಅಜ್ಜನ ಅಂಗಿ ಜಗ್ಗಿ ಕಿವಿಯಲ್ಲಿ ಕೇಳಿದೆ, "ಆವಿ ನಾವ ಹಿಡದ್ರ ನಡೀತೈತೇನು ಕೇಳ್ರಿ." ಮೇಸ್ತ್ರಿಗೆ ಕೇಳಿಸಿತು. "ನಡೀತೈತವ್ವಾ. ಕಬ್ಬಿಣ, ತಾಮ್ರ ತಾಗಬಾರದಷ್ಟ," ಎಂದರು. ಬ್ಯಾಟರಿ ತೊಳೆದು ಹೊಸ ಆಸಿಡ್ ತುಂಬಿ ಕೊಟ್ಟರು.

ಆ ದಿನದಿಂದ ಬ್ಯಾಟರಿಯನ್ನು ನಾನೇ ನೋಡಿಕೊಳ್ಳತೊಡಗಿದೆ. ಸ್ಟೇರಿಂಗಿನ ಮುಂದೆ ಒಂದು ಸಣ್ಣ ಗಾಜಿನೊಳಗೆ ಮುಳ್ಳು ಇತ್ತು. ಒಂದು ಕಡೆ ಕೂಡಿಸುವ ಗುರುತು, ಇನ್ನೊಂದು ಕಡೆ ಕಳೆಯುವ ಗುರುತು. ನಾಲ್ಕನೇ ಇಯತ್ತೆಯವರೆಗೆ ಜಕ್ಕಲಿಯ ಶಾಲೆಯಲ್ಲಿ ಕಲಿತವಳಿಗೆ ಅಷ್ಟು ಸಾಕಾಗಿತ್ತು. ಗಾಡಿ ಜೋರಾಗಿ ಓಡುವಾಗ ಬ್ಯಾಟರಿಗೆ ಕರೆಂಟ್ ಸೇರಿ ಮುಳ್ಳು ಕೂಡಿಸುವ ಕಡೆ ಹೋಗುತ್ತಿತ್ತು. ಆಗ ಫ್ಯಾನು ಹಾಕುತ್ತಿದ್ದೆ. ಭೋಂಗಾ ಮಾತಾಡುವಾಗ ಫ್ಯಾನು ಬಂದ್. ಭೋಂಗಾ ನಿಂತ ಕೂಡಲೇ ಹಾಕುತ್ತಿರಲಿಲ್ಲ, ಒಂದೆರಡು ಮೈಲು ಓಡಲಿ ಎಂದು ಕಾಯುತ್ತಿದ್ದೆ. ಗಾಡಿ ನೆರಳಿಗೆ ನಿಂತಾಗ ತಗಡಿನ ಮೇಲೆ ಗೋಣಿತಟ್ಟು ಹಾಸಿ ಸವಳು ನೀರು ಚಿಮುಕಿಸುತ್ತಿದ್ದೆ. ಫ್ಯಾನಿನ ಕೆಲಸ ಅರ್ಧ ಅಲ್ಲೇ ಕಡಿಮೆಯಾಗುತ್ತಿತ್ತು. ಏಜೆಂಟರು ನನ್ನ ಲೆಕ್ಕಾಚಾರ ನೋಡಿ, "ನಿನ್ನ ಹೇಣ್ತಿ ಇಂಜಿನಿಯರ್ ಆಗ್ಯಾಳಪಾ!" ಎಂದು ಅಣಕಿಸಿದರು.

ಬಿಸಿಲಿಗೆ ಬ್ಯಾಟರಿಯ ನೀರು ಬೇಗ ಇಂಗುತ್ತಿತ್ತು. ಒಂದು ದಿನ ಮುಶಿಗೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಏಜೆಂಟರೂ ನಿಮ್ಮ ಅಜ್ಜನೂ ಅಂಗಡಿಗಳಿಗೆ ಹೋದರು. ಕೂಸು ಒಳಗೆ ಜೋಳಿಗೆಯಲ್ಲಿ ಮಲಗಿತ್ತು. ಸಂಜೆಯ ಸಂತೆಗೆ ಗಾಡಿ ಚಾಲೂ ಆಗಲೇಬೇಕು. ನಾನು ಮೂರು ಕಲ್ಲು ಹೂಡಿ ಮಣ್ಣಿನ ಗಡಿಗೆಯಲ್ಲಿ ನೀರು ಕುದಿಸಲಿಟ್ಟೆ. ಗಡಿಗೆಯ ನಡುವೆ ಕಲ್ಲಿನ ಮೇಲೆ ಪಿಂಗಾಣಿ ಬಟ್ಟಲು. ಬಾಯಿಗೆ ತಣ್ಣೀರು ತುಂಬಿದ ಪಿಂಗಾಣಿ ಬೋಗುಣಿ ಕೂರಿಸಿ, ಅಂಚಿಗೆ ಜೋಳದ ಹಿಟ್ಟು ಮೆತ್ತಿದೆ. ಬೋಗುಣಿಯ ಅಡಿಗೆ ತಾಗಿದ ಆವಿ ಹನಿಯಾಗಿ ಬಟ್ಟಲಿಗೆ ಬೀಳುತ್ತಿತ್ತು.

ಬಟ್ಟಲು ತುಂಬುವ ಹೊತ್ತಿಗೆ ಊರಿನ ಕಾನೂನು ನೋಡಿಕೊಳ್ಳುವ ಪೊಲೀಸ್ ಗೌಡರು ಬಂದರು, ಹಿಂದೆ ಕೋಲು ಹಿಡಿದ ಊರ ಕಾವಲಿನ ವಾಲೀಕಾರ. ಆಗ ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು, ದಾರೂಬಂದಿ ಇತ್ತು, ಸಾರಾಯಿ ಇಳಿಸಿದರೂ ಕುಡಿದರೂ ಜೈಲು. ಕದ್ದು ದಾರೂ ಇಳಿಸುವವರೂ ಹೀಗೆಯೇ ಗಡಿಗೆ ಹೂಡುತ್ತಾರೆಂದು ನನಗೆ ಎಲ್ಲಿ ಗೊತ್ತಿತ್ತು?

"ಏನ್ ಧೈರ್ಯಬೇ ತಂಗಿ! ಹಾಡಹಗಲ, ಬೇವಿನ ಗಿಡದ ಬುಡಕ ಭಟ್ಟಿ ಇಳಸಾಕತ್ತಿ?"

"ದಾರೂ ಅಲ್ಲರಿ, ನೀರು."

"ನೀರು ಕಾಸಾಕ ಗಡಗಿ ಬಾಯಿಗೆ ಹಿಟ್ಟು ಮೆತ್ತತಾರೇನು?"

"ಬ್ಯಾಟರಿಗೆ ಬೇಕ್ರಿ."

"ನಮ್ಮನ್ಯಾಗೂ ಕೈಬ್ಯಾಟರಿ ಐತಿ. ಅದಕ್ಕ ನೀರಡಿಕಿ ಆಗಿದ್ದು ನಾ ಕಂಡಿಲ್ಲ. ಏ, ಒಡಿಯೋ ಅದನ್ನ."

ವಾಲೀಕಾರ ಕೋಲೆತ್ತಿದ. ನಾನು ಗಡಿಗೆಗೆ ಅಡ್ಡ ನಿಂತೆ. ಪರ ಗಂಡಸಿನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. "ಒಡೀಬ್ಯಾಡ್ರಿ. ಮೊದಲ ಮೂಸಿ ನೋಡ್ರಿ."

ಬೋಗುಣಿ ಇಳಿಸಿ, ಸೆರಗಿನಿಂದ ಬಟ್ಟಲು ಹಿಡಿದು ತೆಗೆದು, ತುಸು ಆರಿಸಿ ಕೊಟ್ಟೆ. ಗೌಡರು ಮೂಸಿದರು, ಸಂಶಯ ಹೋಗಲಿಲ್ಲ. ನಾನೇ ಒಂದು ಗುಟುಕು ಕುಡಿದು ತೋರಿಸಿದೆ. "ಕುಡಿಯೂದು ನಿನಗ ರೂಢಿ ಇದ್ದೀತು," ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಬಟ್ಟಲು ಹಿಡಿದು ನೇರ ಗಾಡಿಗೆ ಹೋದೆ, ಬ್ಯಾಟರಿಯ ಬಿರಡೆ ತೆಗೆದು ಅವರ ಕಣ್ಣೆದುರಿಗೇ ಒಂದೊಂದು ತೂತಿಗೂ ಸುರಿದೆ.

"ದಾರೂ ಆಗಿದ್ರ ಯಾರರ ಹಿಂಗ ಸುರೀತಾರೇನ್ರಿ?"

ಗೇರು ಬಿಟ್ಟಿದೆಯೋ ನೋಡಿಕೊಂಡು, ಕೀಲಿ ತಿರುವಿ, ಸ್ಟಾರ್ಟರನ್ನು ಕಾಲಿನಿಂದ ಒತ್ತಿದೆ. ನಿಮ್ಮ ಅಜ್ಜ ಮಾಡುವುದನ್ನು ನೂರು ಸಲ ನೋಡಿದ್ದೆ. ನಾನು ಒತ್ತಿದ್ದು ಅಂದೇ. ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಆಕ್ಸಿಲೇಟರ್ ಅದುಮಿ ಹಿಡಿದೆ. ಮುಳ್ಳು ಕೂಡಿಸುವ ಕಡೆ ಹೊರಳಿತು. ಫ್ಯಾನು ಹಾಕಿದೆ. ಗೌಡರು ಮುಖ ಒಡ್ಡಿದರು, ಆಮೇಲೆ ರುಮಾಲು ತೆಗೆದು ಬೋಳುನೆತ್ತಿಯನ್ನೂ ಒಡ್ಡಿದರು.

"ಭಟ್ಟಿ ಖರೇ ಐತಿ. ಆದ್ರ ಗಾಳಿ ಇಳಸೋ ಭಟ್ಟಿ," ಎಂದರು.

ಅಷ್ಟರಲ್ಲಿ ಗಾಡಿಯ ಸದ್ದು ಕೇಳಿ ಏಜೆಂಟರೂ ನಿಮ್ಮ ಅಜ್ಜನೂ ಓಡಿ ಬಂದರು. "ಯಾರು ಹಾಕಿದ್ದು ಫ್ಯಾನು? ಬಂದ್ ಮಾಡು!" ಎಂದು ಏಜೆಂಟರು ಚೀರಿದರು.

"ಯಾಕ್ರಿ? ಚಲೋ ತಂಪೈತಿ, ಇರ್ಲಿ," ಎಂದರು ಗೌಡರು, ನೆತ್ತಿ ಸರಿಸದೆ.

ಏಜೆಂಟರು ಬಾಯಿ ಮುಚ್ಚಿದರು. ನಾನು ಮುಚ್ಚಲಿಲ್ಲ. "ಗಾಡಿ ಯಾರೂ ದೂಕಿಲ್ಲರಿ, ನಾನ ಚಾಲೂ ಮಾಡೀನಿ. ಫ್ಯಾನು ಹಾಕಿಯೇ ಇಷ್ಟು ದಿನಾ ಬ್ಯಾಟರಿ ಕಾದೀನಿ. ನೀರು ನಾ ಇಳಸಿದ್ದು. ನನ್ನ ಜಕ್ಕಲಿಗೆ ಕಳಸ್ತೀರಂದ್ರ ಈ ನೀರೂ ಜಕ್ಕಲಿಗೇ ಹೋಗತೈತಿ."

ನಿಮ್ಮ ಅಜ್ಜ ನನ್ನನ್ನು ಹೊಸದಾಗಿ ನೋಡುವಂತೆ ನೋಡಿದರು. "ಆಕಿ ಹೇಳಿದ್ದು ಖರೇ ಐತ್ರಿ," ಎಂದರು. ಆ ಮಾತಿಗೆ ನಾನು ಬಹಳ ದಿನ ಕಾದಿದ್ದೆ.

ಏಜೆಂಟರು ಮುಂದಿನ ಸೀಟು ಹತ್ತಿ ಕೂತರು. ಜಕ್ಕಲಿಯ ಮಾತು ಮತ್ತೆ ಎತ್ತಲಿಲ್ಲ. ಫ್ಯಾನು ಕೂಸಿನ ಕಡೆಗೇ ತಿರುಗಿ ನಿಂತಿತು. ಆ ವ್ಯಾನಿನಲ್ಲಿ ಇನ್ನೂ ಮೂರು ಬೇಸಿಗೆ ಕಳೆದೆವು. ನಿಮ್ಮ ಅವ್ವ ಮೊದಲ ಹೆಜ್ಜೆ ಇಟ್ಟದ್ದು ನರಗುಂದದ ಗುಡ್ಡದ ಬುಡದಲ್ಲಿ, ಅವಳ ಅಪ್ಪನ ಕಡೆಗೆ.

ನಾನು ಹೀಗೆ ಎದ್ದು ಮಾತಾಡಿದ್ದನ್ನು ಕಂಡವರಲ್ಲಿ ಈಗ ಯಾರೂ ಉಳಿದಿಲ್ಲ. ನಿಮ್ಮ ಅಜ್ಜನೂ ಹೋದರು. ಆದ್ದರಿಂದ ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಗೆದ್ದಲು ಹತ್ತದ ಕಡೆ, ನಿಮ್ಮ ಶಾಲೆಯ ಸರ್ಟಿಫಿಕೇಟು ಇಡುವ ಪೆಟ್ಟಿಗೆಯಲ್ಲಿ ಇಡಿ. ಅವುಗಳ ಅಡಿಯಲ್ಲಿ ತುರುಕಬೇಡಿ, ಮೇಲೆಯೇ ಇಡಿ.